ಸ್ಪ್ರಿಂಗ್, ಚಕ್ರ ಬದಲಿಸಿದ ಮೇಲೆ ಕಾರಿನ ಹದ ತಪ್ಪಿದರೆ

ಹೊಸ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್, ಅಗಲವಾದ ಅಲಾಯ್ ಚಕ್ರ ಹಾಕಿಸಿಕೊಂಡ ಮೇಲೆ ಕಾರು ಮೊದಲಿನಂತೆ ಹಿಡಿತಕ್ಕೆ ಸಿಗುತ್ತಿಲ್ಲ ಎಂದು ಹೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವಾಗ? ನೇರ ರಸ್ತೆಯಲ್ಲಿಯೋ, ಬ್ರೇಕ್ ಹಾಕಿದಾಗಲೋ, ತಿರುವಿಗೆ ಸ್ಟೀರಿಂಗ್ ತಿರುಗಿಸಿದ ಮೊದಲ ಕ್ಷಣದಲ್ಲೋ, ತಿರುವಿನ ನಡುವೆ ಕಾರು ಒಂದು ಬದಿಗೆ ವಾಲಿ ನಿಂತಾಗಲೋ, ಅಥವಾ ಒಂದೇ ಬದಿಯ ಚಕ್ರ ಉಬ್ಬಿನ ಮೇಲೆ ಹತ್ತಿದಾಗಲೋ? ‘ಕಾರು ಸರಿಯಿಲ್ಲ’ ಎಂಬ ಮಾತಿನಿಂದ ಯಾವ ಮೆಕ್ಯಾನಿಕ್ಕಿಗೂ ಏನೂ ತಿಳಿಯುವುದಿಲ್ಲ. ‘ಎಂಬತ್ತರ ವೇಗದಲ್ಲಿ ಎಡಚಕ್ರ ಉಬ್ಬಿಗೆ ಬಿದ್ದರೆ ಸ್ಟೀರಿಂಗ್ ತಾನಾಗಿ ಬಲಕ್ಕೆ ಜಗ್ಗುತ್ತದೆ’ ಎಂದರೆ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.

ಇಷ್ಟು ವರ್ಷ ಕಾರುಗಳ ಕೆಳಗೆ ಮಲಗಿ ನೋಡಿದ ಮೇಲೆ ನನಗೆ ದೃಢವಾಗಿರುವ ಒಂದು ಅಭಿಪ್ರಾಯವಿದೆ. ಇಂಥ ದೂರುಗಳಲ್ಲಿ ಹೊಸದಾಗಿ ಹಾಕಿದ ಬಿಡಿಭಾಗವೇ ಕೆಟ್ಟದ್ದಾಗಿರುವುದು ವಿರಳ. ಆ ಭಾಗವನ್ನು ಹಾಕಿದ್ದರಿಂದ ಅದರ ಸುತ್ತಲಿನ ಕೋನಗಳು, ಅಂತರಗಳು, ಭಾಗಗಳು ಕೂರುವ ಜಾಗಗಳು ಬದಲಾಗಿರುತ್ತವೆ, ಮತ್ತು ಆ ಬದಲಾವಣೆಯನ್ನು ಯಾರೂ ಅಳೆದಿರುವುದಿಲ್ಲ. ಆದರೆ ಮಾಲೀಕರು ಅಳೆಯುವ ಬದಲು ಇನ್ನೊಂದು ಭಾಗವನ್ನು ಕೊಳ್ಳುತ್ತಾರೆ. ಸ್ಪ್ರಿಂಗ್‌ನಿಂದ ಬಂದ ತೊಂದರೆಯನ್ನು ದಪ್ಪನೆಯ, ಕಾರು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್‌ನಿಂದ ಮುಚ್ಚುತ್ತಾರೆ, ಬಾರ್‌ನಿಂದ ಬಂದದ್ದನ್ನು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಗಿಮಾಡಿ ಮುಚ್ಚುತ್ತಾರೆ, ಕೊನೆಗೆ ಮೂಲ ಕಾರಣ ಎಲ್ಲಿತ್ತು ಎಂಬುದೇ ಕಾಣದಂತಾಗುತ್ತದೆ.

ಚಕ್ರ ಮತ್ತು ಸಸ್ಪೆನ್ಷನ್ ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ, ಹಳೆಯ ಚಕ್ರಗಳನ್ನು ಟೈರುಗಳ ಸಮೇತ ಮರಳಿ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡುವುದೇ ಅತ್ಯಂತ ಸುಲಭವಾದ ಪರೀಕ್ಷೆ. ಖರ್ಚಿಲ್ಲ, ಜಾಕಿ ಮತ್ತು ಟಾರ್ಕ್ ರೆಂಚ್ ಇದ್ದರೆ ಸಾಕು. ತೊಂದರೆ ಮಾಯವಾದರೆ ಅದು ಚಕ್ರ, ಟೈರು ಅಥವಾ ಆಫ್‌ಸೆಟ್‌ಗೆ (ಚಕ್ರ ಕಾರಿಗೆ ಕೂರುವ ಮುಖ ಅದರ ನಡುಗೆರೆಯಿಂದ ಎಷ್ಟು ದೂರವಿದೆ ಎಂಬ ಅಳತೆಗೆ) ಸೇರಿದ್ದು. ಹಾಗೆಯೇ ಉಳಿದರೆ ಸಸ್ಪೆನ್ಷನ್ ಕಡೆಗೆ ಹೋಗಬೇಕು. ಕಡಿಮೆಯಾಗಿ ಪೂರ್ತಿ ಹೋಗದಿದ್ದರೆ ಎರಡೂ ಕಡೆ ಪಾಲಿದೆ ಎಂದು ತಿಳಿಯಬೇಕು. ಹಳೆಯ ಚಕ್ರಗಳನ್ನು ಮಾರುವ ಮೊದಲು ಈ ಪರೀಕ್ಷೆ ಮುಗಿದಿರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಚಕ್ರದ ಕಡೆಯ ದೂರುಗಳಲ್ಲಿ ಮೊದಲನೆಯದು ನಡುಕ. ಅದು ಇಂಜಿನ್ನಿನದೋ ಚಕ್ರದ್ದೋ ಎಂದು ತಿಳಿಯಲು ಒಂದೇ ವೇಗದಲ್ಲಿ ಗೇರ್ ಬದಲಿಸಿ ನೋಡಬೇಕು. ಇಂಜಿನ್ನಿನ ಸುತ್ತು ಬದಲಾದರೂ ನಡುಕ ಬದಲಾಗದಿದ್ದರೆ ಅದು ಚಕ್ರದ್ದು. 205/55 ಆರ್ 16 ಟೈರಿನ ಸುತ್ತಳತೆ ಸುಮಾರು 1.98 ಮೀಟರ್, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹದಿನಾಲ್ಕು ಸುತ್ತು ಸುತ್ತುತ್ತದೆ. ಫೋನಿನಲ್ಲಿರುವ ಕಂಪನ ಅಳೆಯುವ ಆ್ಯಪ್ 14 ಹರ್ಟ್ಸ್ ಆಸುಪಾಸಿನಲ್ಲಿ ಶಿಖರ ತೋರಿಸಿದರೆ ಚಕ್ರವೇ ಆರೋಪಿ. ನಡುಕ ಸ್ಟೀರಿಂಗ್‌ನಲ್ಲಿ ಕಂಡರೆ ಬಹುಪಾಲು ಮುಂದಿನ ಚಕ್ರ, ಸೀಟಿನಲ್ಲಿ ಕಂಡರೆ ಹಿಂದಿನದು.

ಬ್ಯಾಲೆನ್ಸಿಂಗ್ ಯಂತ್ರ ಸೊನ್ನೆ ತೋರಿಸಿದರೂ ನಡುಕ ನಿಲ್ಲದಿರುವ ಪ್ರಕರಣಗಳೇ ಜನರನ್ನು ಹೆಚ್ಚು ದಣಿಸುತ್ತವೆ. ಯಂತ್ರ ಚಕ್ರವನ್ನು ತನ್ನದೇ ಕೋನ್ ಮೇಲೆ ಕೇಂದ್ರಕ್ಕೆ ತಂದು ಅಳೆಯುತ್ತದೆ. ಕಾರಿನ ಹಬ್ (ಚಕ್ರವನ್ನು ಬಿಗಿಯುವ, ತಿರುಗುವ ಭಾಗ) ಮೇಲೆ ಅದೇ ಚಕ್ರ ಕೇಂದ್ರದಲ್ಲಿ ಕುಳಿತಿದೆ ಎಂಬ ಖಾತರಿ ಅದರಿಂದ ಸಿಗುವುದಿಲ್ಲ. ಕಂಪನಿಯಿಂದ ಬಂದ ಚಕ್ರದ ನಡುವಿನ ರಂಧ್ರ ಹಬ್‌ನ ಮೂತಿಗೆ ಸರಿಯಾಗಿ ಕೂರುವಂತೆ ಇರುತ್ತದೆ. ಹೊರಗೆ ಕೊಂಡ ಅಲಾಯ್‌ಗಳನ್ನು ಹಲವು ಕಾರುಗಳಿಗೆ ಹೊಂದಲಿ ಎಂದು ದೊಡ್ಡ ರಂಧ್ರದೊಂದಿಗೆ ಮಾಡುತ್ತಾರೆ. ಹಬ್ 57.1 ಮಿ.ಮೀ., ಚಕ್ರದ ರಂಧ್ರ 73.1 ಮಿ.ಮೀ. ಇದ್ದರೆ ನಡುವಿನ ಸಂದನ್ನು ತುಂಬಲು ಹಬ್ ರಿಂಗ್ ಬೇಕು. ರಿಂಗ್ ಇಲ್ಲದಿದ್ದಾಗ ಚಕ್ರವನ್ನು ಕೇಂದ್ರಕ್ಕೆ ತರುವ ಹೊಣೆ ನಟ್ಟುಗಳ ಮೇಲೆ ಬೀಳುತ್ತದೆ. ಚಕ್ರ ನೆಲಕ್ಕೆ ತಾಗಿರುವಾಗ, ಏರ್ ಗನ್‌ನಿಂದ ಒಂದೇ ನಟ್ಟನ್ನು ಮೊದಲು ಪೂರ್ತಿ ಬಿಗಿ ಮಾಡಿದರೆ ಚಕ್ರ ಒಂದು ಬದಿಗೆ ಸರಿದೇ ಕೂರುತ್ತದೆ. ಚಕ್ರ ಗಾಳಿಯಲ್ಲಿರುವಾಗಲೇ ಎಲ್ಲ ನಟ್ಟುಗಳನ್ನು ಕೈಯಿಂದ ಕೂರಿಸಿ, ಎದುರುಬದುರಾಗಿ ಹಂತ ಹಂತವಾಗಿ ಬಿಗಿ ಮಾಡಿ, ಕಾರನ್ನು ಇಳಿಸಿ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿ ಕೊಡಬೇಕು. ಹಬ್‌ನ ಮುಖದ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯದೆ ಚಕ್ರ ಹಾಕಿದ್ದರೆ ಅದೂ ಓರೆಯಾಗಿ ಕೂರುತ್ತದೆ. ನಟ್ಟಿನ ಕೂರುವ ಭಾಗ ಶಂಕುವಿನಾಕಾರದ್ದೋ ಗೋಳಾಕಾರದ್ದೋ ಎಂಬುದೂ ಹೊಸ ಚಕ್ರಕ್ಕೆ ಹೊಂದಬೇಕು. ಇದು ಹೊಂದದಿದ್ದರೆ ನಡುಕದ ಮಾತು ಆಮೇಲೆ, ಮೊದಲು ಕಾರನ್ನು ನಿಲ್ಲಿಸಬೇಕು, ಏಕೆಂದರೆ ಅಂಥ ನಟ್ಟು ಓಡಾಟದಲ್ಲಿ ಸಡಿಲವಾಗುತ್ತದೆ.

ಎರಡನೆಯದು ಆಫ್‌ಸೆಟ್. 6.5 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್ ಇರುವ ಚಕ್ರದ ಜಾಗದಲ್ಲಿ 8 ಇಂಚು ಅಗಲ, 35 ಮಿ.ಮೀ. ಆಫ್‌ಸೆಟ್‌ನದನ್ನು ಹಾಕಿದರೆ ಚಕ್ರದ ಹೊರ ಅಂಚು ಸುಮಾರು 29 ಮಿ.ಮೀ. ಹೊರಕ್ಕೂ ಒಳ ಅಂಚು ಸುಮಾರು 9 ಮಿ.ಮೀ. ಒಳಕ್ಕೂ ಹೋಗುತ್ತದೆ. ಮಡ್‌ಗಾರ್ಡ್‌ಗೆ ತಾಗುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಆದರೆ ಸ್ಟೀರಿಂಗ್‌ನ ಮಟ್ಟಿಗೆ ಮುಖ್ಯವಾದದ್ದು ಚಕ್ರದ ನಡುಗೆರೆ 10 ಮಿ.ಮೀ. ಹೊರಕ್ಕೆ ಸರಿದದ್ದು. ಚಕ್ರ ತಿರುಗುವ ಓರೆ ಅಕ್ಷರೇಖೆಯನ್ನು ಕೆಳಕ್ಕೆ ಎಳೆದರೆ ನೆಲಕ್ಕೆ ತಾಗುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. 1972ರಲ್ಲಿ ಬಂದ ಔಡಿ 80 ಕಾರಿನಲ್ಲಿ ಈ ಅಂತರವನ್ನು ಬೇಕೆಂದೇ ಋಣಾತ್ಮಕವಾಗಿ, ಅಂದರೆ ಆ ಬಿಂದು ಟೈರಿನ ನಡುಗೆರೆಗಿಂತ ಹೊರಗೆ ಬೀಳುವಂತೆ, ಇಟ್ಟಿದ್ದರು: ಒಂದು ಬದಿಯ ಚಕ್ರ ಒದ್ದೆ ನೆಲದ ಮೇಲಿದ್ದು ಇನ್ನೊಂದು ಒಣ ನೆಲದ ಮೇಲಿರುವಾಗ ಬ್ರೇಕ್ ಹಾಕಿದರೆ, ಕಾರು ಹೊರಳಲು ಹೊರಟ ದಿಕ್ಕಿಗೆ ಎದುರಾಗಿ ಚಕ್ರಗಳು ತಾವೇ ಸ್ವಲ್ಪ ತಿರುಗಿ ಅದನ್ನು ಸರಿದೂಗಿಸುತ್ತವೆ. ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಇವತ್ತಿನ ಕಾರುಗಳಲ್ಲಿ ಅನೇಕವು ಇದೇ ದಾರಿಯಲ್ಲಿವೆ. ನಡುಗೆರೆಯನ್ನು 10 ಮಿ.ಮೀ. ಹೊರಕ್ಕೆ ತಳ್ಳಿದಾಗ ಆ ಲೆಕ್ಕ ಸೊನ್ನೆಗೆ ಬರಬಹುದು, ಧನಾತ್ಮಕವೂ ಆಗಬಹುದು. ಆಗ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಕೈಯಲ್ಲಿ ಎಳೆದಾಡುವುದು, ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಮುಂಭಾಗ ಒಂದು ಬದಿಗೆ ಜಗ್ಗುವುದು, ರಸ್ತೆಯ ಮೇಲಿನ ಗಾಲಿಜಾಡನ್ನು ಹಿಡಿದು ಕಾರು ಓಲಾಡುವುದು, ಎಲ್ಲವೂ ಹೆಚ್ಚುತ್ತವೆ. ಯಾವ ಅಲೈನ್‌ಮೆಂಟೂ (ಚಕ್ರಗಳ ಕೋನ ಹೊಂದಿಸುವ ಕೆಲಸ) ಇದನ್ನು ಪೂರ್ತಿ ಸರಿ ಮಾಡಲಾರದು. ಸರಿಯಾದ ಆಫ್‌ಸೆಟ್‌ನ ಚಕ್ರವೇ ಪರಿಹಾರ. ಹಬ್ ಮತ್ತು ಚಕ್ರದ ನಡುವೆ ಸ್ಪೇಸರ್ ಬಿಲ್ಲೆ ಹಾಕಿದ್ದರೆ ಅದರ ದಪ್ಪವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಬೋಲ್ಟುಗಳೂ ಅಷ್ಟೇ ಉದ್ದವಾಗಿರಬೇಕು.

ಗಾಳಿಯ ಒತ್ತಡದ ವಿಷಯದಲ್ಲಿ ಒಂದು ಮಾತು. ಬಾಗಿಲ ಬಳಿಯ ಚೀಟಿಯಲ್ಲಿರುವ ಒತ್ತಡ ಹಳೆಯ ಅಳತೆಯ ಟೈರಿಗೆ ಬರೆದದ್ದು. 205/55 ಆರ್ 16 ಟೈರಿನ ಲೋಡ್ ಇಂಡೆಕ್ಸ್ (ಭಾರ ಹೊರುವ ಸಾಮರ್ಥ್ಯದ ಸಂಖ್ಯೆ) 91 ಇದ್ದರೆ ಅದು 2.5 ಬಾರ್ ಒತ್ತಡದಲ್ಲಿ 615 ಕೆ.ಜಿ. ಹೊರುತ್ತದೆ. 225/40 ಆರ್ 18ರಲ್ಲಿ 92 ಎಕ್ಸ್‌ಎಲ್ (ಹೆಚ್ಚು ಭಾರಕ್ಕೆ ಬಲಪಡಿಸಿದ ಟೈರು) ಎಂದು ಬರೆದಿದ್ದರೆ ಅದರ 630 ಕೆ.ಜಿ. ಸಾಮರ್ಥ್ಯ 2.9 ಬಾರ್‌ಗೆ ಹೇಳಿದ್ದು, 2.5 ಬಾರ್‌ನಲ್ಲಿ ಅದು 560 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಟೈರು ದೊಡ್ಡದಾಗಿ ಕಂಡರೂ ಒಳಗಿನ ಗಾಳಿ ಕಡಿಮೆ. ಹಳೆಯ ಒತ್ತಡದಲ್ಲೇ ಓಡಿಸಿದರೆ ತಿರುವಿನಲ್ಲಿ ಟೈರು ಅಂಚಿನ ಮೇಲೆ ಮಡಿಚಿಕೊಂಡು ಸ್ಟೀರಿಂಗ್ ತಡವಾಗಿ ಸ್ಪಂದಿಸುತ್ತದೆ. ಟೈರಿನ ಅಂಚಿನಿಂದ ಬದಿಯ ಗೋಡೆಯವರೆಗೆ ಸೀಮೆಸುಣ್ಣದ ಗೆರೆ ಎಳೆದು, ಬೇರೆ ವಾಹನಗಳ ಓಡಾಟವಿಲ್ಲದ ಜಾಗದಲ್ಲಿ ಕೆಲವು ತಿರುವು ಹೊಡೆದು, ಸುಣ್ಣ ಎಲ್ಲಿಯವರೆಗೆ ಸವೆದಿದೆ ನೋಡಿದರೆ ಟೈರು ಎಷ್ಟು ಮಡಿಚುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನೇರ ರಸ್ತೆಯಲ್ಲಿ ಕಾರು ಒಂದೇ ಬದಿಗೆ ಎಳೆಯುತ್ತಿದ್ದರೆ, ಟೈರುಗಳಿಗೆ ಓಡುವ ದಿಕ್ಕಿನ ನಿರ್ಬಂಧ ಇಲ್ಲದಿದ್ದಲ್ಲಿ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಬೇಕು. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನ ಒಳರಚನೆಯಲ್ಲಿದೆ. ಹೊಸ ಟೈರಿನಲ್ಲೂ ಇದು ಇರಬಹುದು ಎಂಬುದನ್ನು ಹಲವರು ಒಪ್ಪುವುದೇ ಇಲ್ಲ.

ಇನ್ನು ಸಸ್ಪೆನ್ಷನ್. ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸುವ ಮೊದಲು ಎತ್ತರ ಅಳೆಯಬೇಕು. ಸಮತಟ್ಟಾದ ನೆಲದ ಮೇಲೆ ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿಗೆ ನಾಲ್ಕೂ ಕಡೆ ಟೇಪಿನಿಂದ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ವ್ಯಾಸವೂ ಗಾಳಿಯೂ ಲೆಕ್ಕ ಕೆಡಿಸುತ್ತವೆ. ಒಂದೇ ಆಕ್ಸಲ್‌ನ ಎಡಬಲಗಳ ನಡುವೆ ಐದಾರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಲೈನ್‌ಮೆಂಟ್ ಮಾಡಿಸುವುದನ್ನು ಮುಂದೂಡಿ ಕಾರಣ ಹುಡುಕಬೇಕು. ಎತ್ತರ ಹೊಂದಿಸಬಹುದಾದ ಕಾಯ್ಲ್‌ಓವರ್ ಇದ್ದರೆ ಕಾಲರ್ ತಿರುಗಿಸಿ ಎತ್ತರ ಸರಿ ಮಾಡುವ ಆಸೆ ಬರುತ್ತದೆ. ಆದರೆ ಕಾರಣ ಬೇರೆಡೆ ಇದ್ದಾಗ ಕಾಲರ್ ತಿರುಗಿಸಿದರೆ ಎತ್ತರ ಸಮವಾಗಿ ಕಂಡರೂ ನಾಲ್ಕು ಚಕ್ರಗಳ ಮೇಲಿನ ಭಾರ ಕರ್ಣರೇಖೆಯಲ್ಲಿ ಏರುಪೇರಾಗಿ, ಎಡ ತಿರುವಿನಲ್ಲಿ ಒಂದು ರೀತಿ ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುವ ಕಾರು ಸಿಗುತ್ತದೆ.

ಪರಿಚಿತರೊಬ್ಬರ ಕಾರಿನಲ್ಲಿ ಹಿಂದಿನ ಬಲಭಾಗ ಎಡಕ್ಕಿಂತ ಬೆರಳಗಲ ಎತ್ತರ ನಿಂತಿತ್ತು. ಸ್ಪ್ರಿಂಗ್ ದೋಷವೆಂದು ಬಗೆದು ಹೊಸ ಜೋಡಿ ತರಿಸುವ ಮಾತು ನಡೆದಿತ್ತು. ಕೆಳಗೆ ಹೋಗಿ ನೋಡಿದಾಗ ಆ ಬದಿಯ ಕೆಳ ಆರ್ಮ್‌ನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳಿನ) ರಬ್ಬರ್ ಬುಷ್ ಒಂದು ದಿಕ್ಕಿಗೆ ತಿರುಚಿಕೊಂಡು, ಅದರ ಅಂಚಿನಲ್ಲಿ ಸಣ್ಣ ಸುಕ್ಕುಗಳು ಎದ್ದಿದ್ದವು. ಚಕ್ರಗಳ ಕೆಳಗೆ ಗಟ್ಟಿಯಾದ ದಿಮ್ಮಿ ಕೊಟ್ಟು, ಕಾರಿನ ಪೂರ್ತಿ ಭಾರ ಚಕ್ರದ ಮೇಲಿರುವಾಗಲೇ ಬುಷ್‌ನ ಬೋಲ್ಟನ್ನು ಸಡಿಲಿಸಿದೆವು. ಕಾಲು ಸುತ್ತು ಬಿಡುವಷ್ಟರಲ್ಲಿ ಟಕ್ ಎಂದು ಸದ್ದಾಗಿ ಹಿಂಭಾಗ ಕೆಳಗೆ ಕುಳಿತಿತು, ಸುಕ್ಕುಗಳು ಮಾಯವಾದವು. ಅದೇ ಸ್ಥಿತಿಯಲ್ಲಿ ನಿಗದಿತ ಟಾರ್ಕ್‌ಗೆ ಬಿಗಿದ ಮೇಲೆ ಎಡಬಲ ಸಮವಾದವು.

ಇದು ನಡೆಯುವುದು ಹೀಗೆ. ರಬ್ಬರ್ ಬುಷ್‌ನ ಒಳಕೊಳವೆ, ಹೊರಕೊಳವೆ ಎರಡೂ ರಬ್ಬರಿಗೆ ಅಂಟಿಕೊಂಡಿರುತ್ತವೆ. ಬೋಲ್ಟ್ ಬಿಗಿದಾಗ ಒಳಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ, ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರು ತಿರುಚುತ್ತದೆ. ಲಿಫ್ಟ್ ಮೇಲೆ ಚಕ್ರ ತೂಗಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ ಆ ತೂಗುವ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರು ನೆಲಕ್ಕಿಳಿದ ಮೇಲೆ ಬುಷ್ ಸದಾ ತಿರುಚಿಕೊಂಡು, ಲೆಕ್ಕದಲ್ಲಿಲ್ಲದ ಇನ್ನೊಂದು ಸ್ಪ್ರಿಂಗಿನಂತೆ ಕಾರನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಸವಾರಿ ಕುಲುಕುತ್ತದೆ, ಒಂದು ಬದಿ ಮಾತ್ರ ಹೀಗಾದರೆ ಕಾರು ವಾಲುತ್ತದೆ, ಬುಷ್ ಬಹುಬೇಗ ಹರಿಯುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿ ಕಾರಿನ ಎತ್ತರವನ್ನೇ ಇಳಿಸಿದ್ದರೆ ಈ ತಿರುಚು ಇನ್ನೂ ಹೆಚ್ಚು. ಯಾವ ಆರ್ಮನ್ನೂ ಬಿಚ್ಚದೆ ಸ್ಪ್ರಿಂಗ್ ಮಾತ್ರ ಬದಲಿಸಿದ್ದರೂ, ಹೊಸ ಎತ್ತರದಲ್ಲಿ ಎಲ್ಲ ಬುಷ್ ಬೋಲ್ಟುಗಳನ್ನೂ ಒಮ್ಮೆ ಸಡಿಲಿಸಿ ಬಿಗಿಯುವುದು ಲೇಸು. ಸಸ್ಪೆನ್ಷನ್ ಕೆಲಸದಲ್ಲಿ ಅತ್ಯಂತ ಹೆಚ್ಚು ಬಿಟ್ಟುಹೋಗುವ ಹೆಜ್ಜೆ ಇದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳದೆ, ಎಡಕ್ಕೆ ತಿರುಗಿಸಿದ ಮೇಲೆ ಎಡಕ್ಕೂ ಬಲಕ್ಕೆ ತಿರುಗಿಸಿದ ಮೇಲೆ ಬಲಕ್ಕೂ ಎಳೆಯುತ್ತಿದ್ದರೆ ಸ್ಟ್ರಟ್‌ನ (ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗಿರುವ ಕಂಬದ) ಮೇಲಿನ ಮೌಂಟ್ ಬೇರಿಂಗ್ ಬಿಗಿಹಿಡಿದಿದೆ ಎಂದರ್ಥ. ಬಾನೆಟ್ ತೆರೆದು ಮೌಂಟ್ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಸ್ಟೀರಿಂಗ್ ನಿಧಾನವಾಗಿ ತಿರುಗಿಸಿದರೆ ತಿಳಿಯುತ್ತದೆ: ಸರಿಯಾಗಿದ್ದರೆ ನಯವಾಗಿ ತಿರುಗುತ್ತದೆ, ಇಲ್ಲದಿದ್ದರೆ ಸ್ಪ್ರಿಂಗ್ ತಿರುಚಿಕೊಂಡು ಟಣ್ ಎಂದು ಒಮ್ಮೆಲೇ ಬಿಡುತ್ತದೆ. ಸ್ಪ್ರಿಂಗ್‌ನ ಕೆಳತುದಿ ತನ್ನ ತಟ್ಟೆಯ ನಿಲುಗಡೆಗೆ ತಾಗಿ ಕೂತಿದೆಯೇ ಎಂಬುದನ್ನೂ ಅದೇ ಸಮಯದಲ್ಲಿ ನೋಡಬಹುದು.

ಇಷ್ಟು ಸರಿಯಿದೆ ಎಂದ ಮೇಲೆ ಅಲೈನ್‌ಮೆಂಟ್‌ಗೆ ಅರ್ಥ ಬರುತ್ತದೆ. ಕಾರು ಇಳಿದಾಗ ಮೂರು ಕೋನಗಳಲ್ಲಿ ಅತಿ ಹೆಚ್ಚು ಉಪದ್ರವ ಕೊಡುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಮುಖವೋ ಹೊರಮುಖವೋ ಎಂಬ ಕೋನ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಓರೆ ಬದಲಾಗುವುದರಿಂದ ಟೋ ತಾನಾಗಿ ಬದಲಾಗುತ್ತದೆ. ಒಳಕ್ಕೋ ಹೊರಕ್ಕೋ ಎಂಬುದು ಸ್ಟೀರಿಂಗ್ ರ್‍ಯಾಕ್ ಚಕ್ರದ ಅಕ್ಷದ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಅವಲಂಬಿಸಿದೆ. ಮುಂದಿನ ಚಕ್ರಗಳು ಹೊರಮುಖವಾದರೆ ಕಾರು ನೇರ ರಸ್ತೆಯಲ್ಲಿ ನೆಲೆ ನಿಲ್ಲದೆ ಅತ್ತಿತ್ತ ಹುಡುಕಾಡುತ್ತದೆ. ಹಿಂದಿನ ಚಕ್ರಗಳು ಹೊರಮುಖವಾದರೆ ಇನ್ನೂ ಅಪಾಯ: ವೇಗದಲ್ಲಿ ಲೇನ್ ಬದಲಿಸುವಾಗ ಹಿಂಭಾಗವೇ ಮುಂದಾಗಿ ತಿರುಗಿದಂತೆ ಅನಿಸುತ್ತದೆ.

ಟೋ ಅಳೆಯಲು ಯಂತ್ರವೇ ಬೇಕೆಂದಿಲ್ಲ. ಕಾರಿನ ಎರಡೂ ಬದಿಗೆ ಹಬ್‌ನ ಎತ್ತರದಲ್ಲಿ ದಾರ ಬಿಗಿದು ಕಟ್ಟಿ, ಮುಂದಿನ ಹಬ್‌ಗಳಿಂದ ಎಡಬಲ ಸಮದೂರದಲ್ಲೂ ಹಿಂದಿನ ಹಬ್‌ಗಳಿಂದ ಎಡಬಲ ಸಮದೂರದಲ್ಲೂ ಇರುವಂತೆ, ಎರಡೂ ದಾರಗಳು ಪರಸ್ಪರ ಸಮಾನಾಂತರವಾಗುವಂತೆ ಹೊಂದಿಸಬೇಕು. ಮುಂದಿನ ಮತ್ತು ಹಿಂದಿನ ಟ್ರ್ಯಾಕ್ ಅಗಲ ಬೇರೆಯಾಗಿರುವುದರಿಂದ ಹಬ್‌ನಿಂದ ದಾರಕ್ಕಿರುವ ದೂರ ಮುಂದೆ ಒಂದು, ಹಿಂದೆ ಒಂದು ಇರುತ್ತದೆ, ಅದರಿಂದ ತೊಂದರೆಯಿಲ್ಲ. ಆಮೇಲೆ ಉಕ್ಕಿನ ಸ್ಕೇಲಿನಿಂದ ಪ್ರತಿ ರಿಮ್‌ನ ಮುಂದಿನ ಅಂಚು ಮತ್ತು ಹಿಂದಿನ ಅಂಚು ದಾರದಿಂದ ಎಷ್ಟು ದೂರವಿವೆ ನೋಡಬೇಕು. 17 ಇಂಚಿನ ರಿಮ್‌ನಲ್ಲಿ ಒಂದು ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು 0.13 ಡಿಗ್ರಿ. ಈ ವಿಧಾನದ ದೊಡ್ಡ ಲಾಭ ಏನೆಂದರೆ ನಾಲ್ಕೂ ಚಕ್ರಗಳ ಟೋ ಬೇರೆ ಬೇರೆಯಾಗಿ ಸಿಗುತ್ತದೆ. ಹಿಂದಿನ ಎಡಬಲ ಟೋ ಸಮವಿಲ್ಲದಿದ್ದರೆ ಕಾರು ಓರೆಯಾಗಿ ಓಡುತ್ತದೆ. ಚಾಲಕ ಅದನ್ನು ಸರಿದೂಗಿಸಲು ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿಯೇ ಹಿಡಿದಿರಬೇಕಾಗುತ್ತದೆ. ಸ್ಟೀರಿಂಗ್ ಸೊಟ್ಟಗಿದೆ ಎಂದು ಮುಂದಿನ ಟೈ ರಾಡ್‌ಗಳನ್ನು ಮಾತ್ರ ತಿರುಗಿಸುವವರು ಹಿಂದಿನ ದೋಷವನ್ನು ಹಾಗೆಯೇ ಬಿಟ್ಟಿರುತ್ತಾರೆ.

ನಿಂತಲ್ಲಿ ಟೋ ಸರಿಯಿದ್ದೂ ಉಬ್ಬು ತಗ್ಗಿನಲ್ಲಿ ಕಾರು ದಿಕ್ಕು ತಪ್ಪುತ್ತಿದ್ದರೆ ಅದು ಬಂಪ್ ಸ್ಟಿಯರ್. ಕೆಳ ಆರ್ಮ್ ಮತ್ತು ಟೈ ರಾಡ್ ಎರಡೂ ತಮ್ಮ ತಮ್ಮ ಕಮಾನಿನಲ್ಲಿ ಆಡುತ್ತವೆ. ಮೂಲ ಎತ್ತರದಲ್ಲಿ ಆ ಎರಡು ಕಮಾನುಗಳು ಹೊಂದುವಂತೆ ವಿನ್ಯಾಸವಿರುತ್ತದೆ, ಬಹಳ ಇಳಿಸಿದಾಗ ಹೊಂದಿಕೆ ತಪ್ಪುತ್ತದೆ. ಅಲೈನ್‌ಮೆಂಟ್ ರ್‍ಯಾಂಪ್ ಮೇಲೆ, ತಿರುಗುವ ತಟ್ಟೆಗಳ ಮೇಲೆ ಚಕ್ರವಿರುವಾಗ, ಕಾರಿನ ಮುಂಭಾಗವನ್ನು ಇಬ್ಬರು ಮೂವತ್ತು ಮಿ.ಮೀ.ನಷ್ಟು ಒತ್ತಿ ಹಿಡಿದು ಪರದೆಯ ಮೇಲಿನ ಟೋ ಅಂಕಿ ಎಷ್ಟು ಓಡುತ್ತದೆ ಎಂದು ನೋಡುವುದು ಸರಳ ಪರೀಕ್ಷೆ. ಅಂಕಿ ಅಲ್ಲೇ ನಿಂತರೆ ಚಿಂತೆಯಿಲ್ಲ. ಒತ್ತಿದ ಕೂಡಲೇ ಗಣನೀಯವಾಗಿ ಓಡಿದರೆ ಕಾರನ್ನು ಸ್ವಲ್ಪ ಏರಿಸಬೇಕು, ಇಲ್ಲವೇ ಆ ಮಾದರಿಗೆಂದೇ ತಯಾರಾದ ಟೈ ರಾಡ್ ತುದಿ ಹಾಕಬೇಕು.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ಕಾರು ಕ್ಯಾಂಬರ್ ಹೆಚ್ಚು ಧನಾತ್ಮಕವಾಗಿರುವ ಬದಿಗೂ ಕ್ಯಾಸ್ಟರ್ ಕಡಿಮೆಯಿರುವ ಬದಿಗೂ ಎಳೆಯುತ್ತದೆ. ಎಡಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಟ್ರಟ್ ಮತ್ತು ನಕಲ್ (ಹಬ್ ಹೊರುವ ಭಾಗ) ನಡುವಿನ ಬೋಲ್ಟ್ ರಂಧ್ರದ ಸಡಿಲ, ಆರ್ಮ್‌ಗಳನ್ನು ಹೊತ್ತ ಕೆಳ ಚೌಕಟ್ಟು ಅಂದರೆ ಸಬ್‌ಫ್ರೇಮ್ ಸರಿದಿರುವುದು, ಈ ಎರಡನ್ನು ಮೊದಲು ನೋಡಬೇಕು. ಸ್ಟ್ರಟ್ ಬದಲಿಸುವಾಗ ಸಬ್‌ಫ್ರೇಮ್ ಸಡಿಲಿಸಿದ್ದರೆ ಅದು ಒಂದೆರಡು ಮಿ.ಮೀ. ಸರಿಯುವುದು ಅಪರೂಪವಲ್ಲ.

ತಿರುವಿನ ನಡುವೆ ಬರುವ ದೂರು ಬೇರೆಯದೇ ಜಾತಿ. ಕಾರು ಚೆನ್ನಾಗಿಯೇ ತಿರುಗಲು ಆರಂಭಿಸಿ, ವಾಲಿದ ಮೇಲೆ ಒಮ್ಮೆಲೇ ಮುಂಭಾಗ ಹೊರಕ್ಕೆ ಜಾರುತ್ತದೆ ಅಥವಾ ಹಿಂಭಾಗ ಬಿಟ್ಟುಕೊಡುತ್ತದೆ ಎಂದಾದರೆ ನನ್ನ ಮೊದಲ ಅನುಮಾನ ಬಂಪ್ ಸ್ಟಾಪ್ ಮೇಲೆ, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿಹೋಗದಂತೆ ತಡೆಯುವ ಮೆತ್ತೆಯ ಮೇಲೆ. ಟೈರಿನ ಹಿಡಿತ ಅದರ ಮೇಲಿನ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ಯಾವ ಆಕ್ಸಲ್ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೆಚ್ಚು ಭಾರ ದಾಟಿಸುತ್ತದೆಯೋ ಆ ಆಕ್ಸಲ್ ಮೊದಲು ಹಿಡಿತ ಕಳೆದುಕೊಳ್ಳುತ್ತದೆ. ಬಂಪ್ ಸ್ಟಾಪ್ ತಾಗಿದ ಕ್ಷಣದಲ್ಲಿ ಆ ಮೂಲೆಯ ಬಿಗಿತ ಥಟ್ಟನೆ ಹಲವು ಪಟ್ಟಾಗುತ್ತದೆ, ಭಾರವೆಲ್ಲ ಅಲ್ಲಿಗೆ ನುಗ್ಗುತ್ತದೆ. ಹಳೆಯ ಡ್ಯಾಂಪರ್‌ನ ಮೇಲೆ ಗಿಡ್ಡ ಸ್ಪ್ರಿಂಗ್ ಹಾಕಿದಾಗ ಉಳಿಯುವ ಚಲನೆ ಬಹಳ ಕಡಿಮೆ. ಕೆಲವು ಕಾರುಗಳಲ್ಲಿ ನಾಲ್ಕು ಜನ ಕೂತರೆ ನಿಂತಲ್ಲೇ ಸ್ಟಾಪ್ ತಾಗಿರುತ್ತದೆ.

ಅದನ್ನು ಖಚಿತಪಡಿಸಿಕೊಳ್ಳಲು ಡ್ಯಾಂಪರ್‌ನ ಹೊಳೆಯುವ ರಾಡ್‌ಗೆ ಒಂದು ತೆಳು ಕೇಬಲ್ ಟೈ ಕಟ್ಟಿ, ಬೆರಳಿಂದ ತಳ್ಳಿದರೆ ಸರಿಯುವಷ್ಟು ಮಾತ್ರ ಬಿಗಿದು, ಕೆಳಗೆ ಡ್ಯಾಂಪರ್‌ನ ಸೀಲ್‌ಗೆ ತಾಗಿಸಿ ಬಿಡಬೇಕು. ಕಾರು ಓಡಿಸಿ ಬಂದ ಮೇಲೆ ಜಾಕಿ ಕೊಟ್ಟು ನೋಡಿದರೆ ಅದು ರಾಡ್‌ನ ಮೇಲೆ ಎಲ್ಲಿಯವರೆಗೆ ತಳ್ಳಲ್ಪಟ್ಟಿದೆಯೋ ಅದೇ ಆ ಓಟದ ಅತಿ ದೊಡ್ಡ ಚಲನೆ. ಟೈ ಬಂಪ್ ಸ್ಟಾಪ್‌ಗೆ ಅಂಟಿಕೊಂಡಿದ್ದರೆ ಉತ್ತರ ಸಿಕ್ಕಿತು. ಆಗ ಮಾಡಬಹುದಾದದ್ದು ಮೂರೇ: ಕಾರನ್ನು ಏರಿಸುವುದು, ಗಿಡ್ಡ ಸ್ಪ್ರಿಂಗಿಗೆ ತಕ್ಕ ಗಿಡ್ಡ ಡ್ಯಾಂಪರ್ ಹಾಕುವುದು, ಅಥವಾ ತಯಾರಕರು ಹೇಳಿದಷ್ಟು ಮಾತ್ರ ಸ್ಟಾಪ್ ಕತ್ತರಿಸುವುದು. ಸ್ಟಾಪನ್ನು ಪೂರ್ತಿ ತೆಗೆದರೆ ಡ್ಯಾಂಪರ್ ಒಳಗಿನ ಲೋಹ ಲೋಹಕ್ಕೆ ಬಡಿಯುತ್ತದೆ. ಅದನ್ನು ಎಂದೂ ಮಾಡಬಾರದು.

ಇಳಿಸಿದ ಕಾರು ಕಡಿಮೆ ವಾಲುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಪರಿಶೀಲಿಸಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಮುಂಭಾಗದಲ್ಲಿ ಕಾರು ಇಳಿದಾಗ ಗುರುತ್ವ ಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದು) ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು ಕಾರನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಕೆಳಗೆ ಬಗ್ಗಿ ನೋಡಿದಾಗ ಕೆಳ ಆರ್ಮ್ ಒಳತುದಿಯಿಂದ ಹೊರತುದಿಗೆ ಮೇಲ್ಮುಖವಾಗಿ ಓಡುತ್ತಿದ್ದರೆ ಇಳಿಸಿದ್ದು ಅತಿಯಾಯಿತು ಎಂದೇ ನನ್ನ ತೀರ್ಮಾನ.

ಆಂಟಿ ರೋಲ್ ಬಾರ್ ಬದಲಿಸಿದವರು ನೆನಪಿಡಬೇಕಾದ ಲೆಕ್ಕವೊಂದಿದೆ. ಒಳಗೆ ಟೊಳ್ಳಿಲ್ಲದ ಬಾರ್‌ನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ, 20 ಮಿ.ಮೀ.ನಿಂದ 22ಕ್ಕೆ ಹೋದರೆ ಶೇ. 46ರಷ್ಟು ಬಿಗಿ. ಹಿಂದೆ ಹಾಕಿದರೆ ಹಿಂಭಾಗ ಜಾರುವ ಪ್ರವೃತ್ತಿ, ಮುಂದೆ ಹಾಕಿದರೆ ಮುಂಭಾಗ ಹೊರಕ್ಕೆ ಓಡುವ ಪ್ರವೃತ್ತಿ ಬೆಳೆಯುತ್ತದೆ. ಕಾರು ಭಾರದ ಮೇಲೆ ನಿಂತಿರುವಾಗ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್ ರಾಡ್‌ನ ಬೋಲ್ಟು ಬಲವಿಲ್ಲದೆ ರಂಧ್ರಕ್ಕೆ ಹೋಗಬೇಕು. ಒಂದು ಬದಿಯಲ್ಲಿ ಎಳೆದು ಕೂರಿಸಬೇಕಾದರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆ.

ಡ್ಯಾಂಪರ್ ಮತ್ತು ಸ್ಪ್ರಿಂಗ್‌ಗಳ ಹೊಂದಾಣಿಕೆಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಮೇಲಿನದೆಲ್ಲ ಸರಿಯಾಗುವವರೆಗೆ ಡ್ಯಾಂಪರ್‌ನ ಬಿಗಿತ ಹೊಂದಿಸುವ ತಿರುಗಣೆ ತಿರುಗಿಸಿ ಪ್ರಯೋಜನವಿಲ್ಲ. ಒಂದು ಚಕ್ರದ ಮೇಲೆ 350 ಕೆ.ಜಿ. ಭಾರವಿದ್ದು, ಚಕ್ರದ ಬಳಿ ಸ್ಪ್ರಿಂಗ್‌ನ ಬಿಗಿತ ಮಿ.ಮೀ.ಗೆ 25 ನ್ಯೂಟನ್ ಇದ್ದರೆ ಆ ಮೂಲೆ ಸೆಕೆಂಡಿಗೆ 1.35 ಸಲ ಆಡುವ ಸ್ವಭಾವದ್ದು. ಸ್ಪ್ರಿಂಗ್ ಶೇ. 30ರಷ್ಟು ಬಿಗಿಯಾದರೆ ಆಡುವ ವೇಗ ಶೇ. 14ರಷ್ಟು ಏರುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಡ್ಯಾಂಪರ್‌ಗೂ ಅಷ್ಟೇ ಹೆಚ್ಚು ಬಲ ಬೇಕು. ಹಳೆಯ, ಸವೆದ ಡ್ಯಾಂಪರ್ ಆ ಬಲ ಕೊಡಲಾರದು. ಉಬ್ಬು ದಾಟಿದ ಮೇಲೂ ಕಾರು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಎಂಜಿನಿಯರ್ ಮೌರೀಸ್ ಓಲಿ ತೋರಿಸಿಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಹಿಂಭಾಗದ ಆಡುವ ವೇಗ ಮುಂಭಾಗಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಒಂದೇ ಉಬ್ಬನ್ನು ಮುಂದಿನ ಚಕ್ರ ಮೊದಲು, ಹಿಂದಿನದು ಆಮೇಲೆ ಹತ್ತುತ್ತದೆ, 2.6 ಮೀಟರ್ ವೀಲ್‌ಬೇಸ್‌ನ ಕಾರಿನಲ್ಲಿ ಗಂಟೆಗೆ 80 ಕಿ.ಮೀ. ವೇಗಕ್ಕೆ ಆ ಅಂತರ 0.12 ಸೆಕೆಂಡು. ತಡವಾಗಿ ಹೊರಟ ಹಿಂಭಾಗ ತುಸು ಬೇಗ ಆಡಿದರೆ ಮುಂಭಾಗವನ್ನು ಹಿಡಿದುಕೊಂಡು ಕಾರು ಸಮತಟ್ಟಾಗಿ ಏರಿಳಿಯುತ್ತದೆ. ಮುಂದೆ ಮಾತ್ರ ಬಹಳ ಬಿಗಿ ಸ್ಪ್ರಿಂಗ್ ಹಾಕಿ ಹಿಂದೆ ಹಳೆಯದನ್ನೇ ಉಳಿಸಿದ ಕಾರುಗಳು ಹೆದ್ದಾರಿಯಲ್ಲಿ ಮೂಗು ಬಾಲ ತೂಗಿಕೊಂಡು ಹೋಗುವುದು ಈ ಕಾರಣಕ್ಕೆ.

ಹೊಂದಿಸಬಹುದಾದ ಡ್ಯಾಂಪರ್ ಇದ್ದರೆ ನಾಲ್ಕನ್ನೂ ಪೂರ್ತಿ ಬಿಗಿದ ಸ್ಥಿತಿಯಿಂದ ಎಣಿಸಿ ಹಿಂದಕ್ಕೆ ತಿರುಗಿಸಬೇಕು. ಎಡಬಲ ಒಂದೇ ಎಣಿಕೆ ಇರಬೇಕು. ರಿಬೌಂಡ್ (ಒತ್ತಿಹೋದ ಡ್ಯಾಂಪರ್ ಮತ್ತೆ ಹಿಗ್ಗುವ ಚಲನೆ) ಅತಿಯಾಗಿ ಬಿಗಿದರೆ ಸಾಲು ಉಬ್ಬುಗಳಲ್ಲಿ ಚಕ್ರ ಕೆಳಗಿಳಿಯಲು ಸಮಯ ಸಾಲದೆ ಕಾರು ಪ್ರತಿ ಉಬ್ಬಿಗೂ ಇನ್ನಷ್ಟು ಕುಸಿಯುತ್ತ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಆಗ ಬಿಗಿ ಮಾಡಿದ್ದು ಸಾಲದು ಎಂದು ಭಾವಿಸಿ ಇನ್ನೂ ಬಿಗಿದರೆ ದೋಷ ಹೆಚ್ಚುತ್ತದೆ. ಮೃದುವಿನಿಂದ ಆರಂಭಿಸಿ, ಉಬ್ಬು ದಾಟಿದ ಮೇಲೆ ಕಾರು ಒಂದೇ ಬಾರಿಗೆ ನೆಲೆಗೆ ಬರುವಲ್ಲಿಗೆ ನಿಲ್ಲಿಸಬೇಕು. ಒಂದು ಓಟಕ್ಕೆ ಒಂದೇ ಬದಲಾವಣೆ, ಅದೂ ಒಂದೇ ಆಕ್ಸಲ್‌ನಲ್ಲಿ. ಎತ್ತರ, ಟೋ, ಗಾಳಿ, ಡ್ಯಾಂಪರ್ ಎಣಿಕೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಅಲೈನ್‌ಮೆಂಟ್ ಮುಗಿದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರ್‌ಗೆ ಸ್ಕ್ಯಾನರ್‌ನಿಂದ ಸೊನ್ನೆ ಕಲಿಸಬೇಕು. ಇಲ್ಲವಾದರೆ ಸ್ಟೀರಿಂಗ್ ನೇರವಿದ್ದರೂ ಕಾರು ತಿರುಗುತ್ತಿದೆ ಎಂದು ಆ ವ್ಯವಸ್ಥೆ ಭಾವಿಸಿ ಒಂದು ಚಕ್ರಕ್ಕೆ ತಾನಾಗಿ ಬ್ರೇಕ್ ಕೊಡಬಹುದು, ಅದು ಚಾಲಕರಿಗೆ ಸಸ್ಪೆನ್ಷನ್ ದೋಷದಂತೆಯೇ ಕಾಣುತ್ತದೆ. ಹೊಸ ಸ್ಪ್ರಿಂಗ್ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಟಾರ್ಕನ್ನೂ ನಾಲ್ಕು ಮೂಲೆಗಳ ಎತ್ತರವನ್ನೂ ಮತ್ತೆ ನೋಡಿ, ಎತ್ತರ ಬದಲಾಗಿದ್ದರೆ ಟೋವನ್ನು ಇನ್ನೊಮ್ಮೆ ಹೊಂದಿಸಬೇಕು.